ಎಡಗಡೆಯ ಬ್ರೇಕು

ಪಶು ಆಸ್ಪತ್ರೆ, ಕವಿತಾಳ
ರಾಯಚೂರು ಜಿಲ್ಲೆ
3 ನವೆಂಬರ್ 2025

ಶ್ರೀ ರಾಮಾಂಜಿನಪ್ಪನವರಿಗೆ,

ನಮಸ್ಕಾರ. ಈ ಮೇಲಿನ ಸಾಲು ಬರೆಯುವುದಕ್ಕೇ ಎರಡು ಹಾಳೆ ದಂಡವಾದವು. ಇಷ್ಟು ದಿನ ‘ಮಾವ’ ಎಂದು ಕರೆದವರನ್ನು ಈಗ ಏನೆಂದು ಕರೆಯಬೇಕೋ ಗೊತ್ತಾಗಲಿಲ್ಲ. ಹೆಸರನ್ನೇ ಬರೆದಿದ್ದೇನೆ, ತಪ್ಪು ತಿಳಿಯಬೇಡಿ.

ಫೋನು ಮಾಡಬಹುದಿತ್ತು. ಆದರೆ ನಿಮ್ಮ ಮಗ ಅನಿಲ್‌ಕುಮಾರ್ ಮತ್ತು ನಾನು ವಿಚ್ಛೇದನಕ್ಕೆ ಸಹಿ ಹಾಕಿ ಬೇರೆಯಾದ ಮೇಲೆ, ಆ ಮನೆಯವರ ಹತ್ತಿರ ಇನ್ನು ಮಾತು ಬೆಳೆಸುವುದಿಲ್ಲ ಎಂದು ನಮ್ಮಪ್ಪನಿಗೆ ಮಾತು ಕೊಟ್ಟಿದ್ದೇನೆ. ಕಾಗದದಲ್ಲಾದರೆ ಹೇಳಬೇಕಾದ್ದನ್ನು ಮಾತ್ರ ಹೇಳಿ ನಿಲ್ಲಿಸಬಹುದು.

ವಿಷಯ ಕಾರಿನದು. ಮದುವೆಯಲ್ಲಿ ನಮ್ಮಪ್ಪ ಕೊಟ್ಟಿದ್ದು. ‘ಬೀಗರ ಹೆಸರಲ್ಲೇ ಇರಲಿ’ ಎಂದು ಅವರೇ ನಿಮ್ಮ ಹೆಸರಿಗೆ ಮಾಡಿಸಿದ್ದು. ಮಾರ್ಚ್ ತಿಂಗಳಲ್ಲಿ ಎರಡೂ ಕಡೆಯ ಹಿರಿಯರು ಕೂತಾಗ ಒಡವೆ, ಪಾತ್ರೆ ವಾಪಸು ಬಂದವು. ಕಾರು ಮಾತ್ರ ನನಗೆ ಬೇಡ, ಮಾರಿ ಹಣ ಕೊಟ್ಟರೆ ಸಾಕು ಎಂದೆ. ‘ದಸರಾ ಒಳಗೆ ನಾನೇ ಮಾರಿಸ್ಕೊಡ್ತೀನಿ’ ಎಂದವರು ನೀವು. ದೀಪಾವಳಿಯೂ ಆಯಿತು.

ಕೊಳ್ಳಲು ಬಂದವರಿಗೆ ಮೊದಲು ವಾರಂಟಿ ತೋರಿಸಿ. ಕಂಪನಿಯ ಮೂರು ವರ್ಷ ಆಗಸ್ಟಿಗೆ ಮುಗಿದಿದೆ. ಅದರ ಮೇಲೆ ನಾನು ಹಣ ಕಟ್ಟಿ ತೆಗೆದುಕೊಂಡ ಎರಡು ವರ್ಷ 2027ರ ಆಗಸ್ಟಿನವರೆಗೆ ನಡೆಯುತ್ತದೆ, ಮತ್ತು ಕಾರಿನ ಜೊತೆಗೆ ಹೊಸ ಮಾಲೀಕರ ಹೆಸರಿಗೆ ಹೋಗುತ್ತದೆ. ಎಲ್ಲ ಸರ್ವಿಸೂ ಕಂಪನಿಯಲ್ಲೇ ಆಗಿದೆ, ಪುಸ್ತಕ ಡ್ಯಾಶ್‌ಬೋರ್ಡಿನ ಒಳಗಿದೆ. ಇವತ್ತು ಕೊಂಡವರಿಗೆ ಸಿಗುವ ನಿಶ್ಚಿಂತೆ ಯುಗಾದಿಗೆ ಕೊಂಡವರಿಗೆ ಸಿಗುವುದಿಲ್ಲ. ತಿಂಗಳು ಕಳೆದ ಹಾಗೆಲ್ಲ ಬೆಲೆ ಇಳಿಯುತ್ತದೆ.

ಹಣ ಬಂದರೆ ಇಲ್ಲೊಂದು ಹಳೆಯ ಜೀಪು ಕೊಳ್ಳಬೇಕಿದೆ. ನಾನು ಬಸ್ಸಿಗೆ ಕಾಯಬಹುದು, ಕರು ಹಾಕುವ ಹಸು ಕಾಯುವುದಿಲ್ಲ.

ಇಂತಿ,
ಡಾ. ಅರ್ಪಿತ

*

ಕುಂದಾಣ
15 ನವೆಂಬರ್ 2025

ಡಾಕ್ಟ್ರಮ್ಮನವರಿಗೆ, ಕುಂದಾಣದ ರಾಮಾಂಜಿನಪ್ಪ ಬರೆಯುವುದು.

ನೀನು ‘ಶ್ರೀ’ ಹಾಕಿದ ಮೇಲೆ ನಾನೂ ‘ಅಮ್ಮನವರು’ ಹಾಕಲೇಬೇಕಲ್ಲ. ಆದರೆ ಒಳಗೆ ‘ನೀನು’ ಎಂದೇ ಬರೆಯುತ್ತೇನೆ, ಅದನ್ನು ಬದಲಾಯಿಸುವ ವಯಸ್ಸು ದಾಟಿದೆ. ಹಾಲಿನ ಡೈರಿಯ ಕಾರ್ಯದರ್ಶಿಯಾಗಿ ಒಂದು ಜನ್ಮಕ್ಕಾಗುವಷ್ಟು ಕಾಗದ ಬರೆದಿದ್ದೇನೆ. ಅವೆಲ್ಲ ಕೊಬ್ಬಿನಂಶ, ಹಿಂಡಿ ಮೂಟೆ, ಕ್ಯಾನಿನ ಲೆಕ್ಕ. ಇಂಥದ್ದು ಬರೆದು ಅಭ್ಯಾಸವಿಲ್ಲ.

ನೀನು ತಿಳಿದ ಹಾಗೆ ನಾನು ಸುಮ್ಮನೆ ಕೂತಿಲ್ಲ. ಅರಿಶಿನಕುಂಟೆಯಲ್ಲಿ ಹೈವೇ ಪಕ್ಕ ಹಳೇ ಕಾರು ಮಾರುವ ಮೂರ್ತಿ ಎನ್ನುವವನನ್ನು ಕರೆಸಿದ್ದೆ. ಕಾರು ನಮ್ಮ ಹಳೇ ಹುಳುಮನೆಯಲ್ಲಿದೆ. ಈಗ ರೇಷ್ಮೆ ಹುಳು ಹೊಸ ಮನೆಯಲ್ಲಿ ಮೇಯುವುದರಿಂದ ಅದು ಖಾಲಿ. ಮೂರ್ತಿ ಒಳಗೆ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

‘ಯಜಮಾನ್ರೇ, ಎಕ್ಸ್‌ಟ್ರಾ ಅನ್ನೋದು ಹಾಕ್ಸಿದೋರ ಖುಷಿಗೆ ಅಷ್ಟೆ. ಕಂಪನಿಯಿಂದ್ಲೇ ಬಂದಿರೋ ಸನ್‌ರೂಫು, ಹಿಂದ್ಗಡೆ ಕ್ಯಾಮೆರಾ, ಇವಕ್ಕೆ ಏನೋ ಒಂದಿಷ್ಟು ಬರುತ್ತೆ. ನೀವು ಹೊರಗಡೆ ಹಾಕ್ಸಿರೋ ಕ್ಯಾರಿಯರ್ರು, ಬಂಪರ್ ಗಾರ್ಡು, ಆ ರಾಗದ ಹಾರನ್ನು, ಅವಕ್ಕೆ ನಾನ್ ಕೊಡೋದು ಸೊನ್ನೆ. ಬಿಚ್ಚೋ ಕೂಲಿನೂ ನನ್ ತಲೆಗೆ ಬರುತ್ತೆ’ ಅಂದ.

ನಿಮ್ಮತ್ತೆ ಪಿಳ್ಳಮ್ಮ ಬಾಗಿಲಲ್ಲಿ ನಿಂತಿದ್ದಳು. ‘ಗವಾಕ್ಷಿಗಾದ್ರೂ ಬೆಲೆ ಐತಲ್ಲ ಬುಡು’ ಅಂದಳು. ಅವಳಿಗೆ ಸನ್‌ರೂಫು ಇವತ್ತಿಗೂ ಗವಾಕ್ಷಿಯೇ.

ಆಮೇಲೆ ಮೂರ್ತಿ ಎಡಗಡೆಯ ಬಾಗಿಲು ತೆಗೆದ. ‘ಇದೇನ್ ಯಜಮಾನ್ರೇ ಇಲ್ಲೊಂದು ಬ್ರೇಕು? ಡ್ರೈವಿಂಗ್ ಸ್ಕೂಲ್ ಗಾಡಿನಾ?’ ಎಂದು ಕೇಳಿದ. ನಾನು ಹೇಳಿದೆ: ಅರವತ್ತರ ಗಂಡಸಿಗೆ ಕಾರು ಕಲಿಸುತ್ತೇನೆಂದು ಸೊಸೆ ಹಠ ಹಿಡಿದಳು, ಮಾವನಿಗೆ ಧೈರ್ಯ ಸಾಲದು ಎಂದು ದೊಡ್ಡಬಳ್ಳಾಪುರದ ಡ್ರೈವಿಂಗ್ ಸ್ಕೂಲಿನವನನ್ನು ಹಿಡಿದು ತಾನು ಕೂರುವ ಕಡೆಯೂ ಒಂದು ಬ್ರೇಕು ಹಾಕಿಸಿದಳು, ‘ನೀವು ಏನ್ ಬೇಕಾದ್ರೂ ಮಾಡಿ ಮಾವ, ನನ್ನ ಕಾಲು ಇಲ್ಲಿರುತ್ತೆ’ ಅಂದಳು. ಮೂರ್ತಿ ನಕ್ಕ. ಆಮೇಲೆ ವ್ಯಾಪಾರದವನ ಮುಖ ಮಾಡಿಕೊಂಡ.

‘ಇದನ್ನ ನೋಡಿದ್ರೆ ಕಲಿಯೋರು ಓಡ್ಸಿದ ಗಾಡಿ, ಕ್ಲಚ್ಚು ಗಿಯರು ಸವೆದಿರುತ್ತೆ ಅಂತ ಜನ ಹತ್ರ ಬರಲ್ಲ. ಬ್ರೇಕಿಗೆ ಕೈ ಹಾಕಿದ ಗಾಡಿಗೆ ಕಂಪನಿಯೋರು ವಾರಂಟಿನೂ ಕೊಡಲ್ಲ. ಆ ಎರಡು ವರ್ಷದ ಪೇಪರ್ ಮಡಚಿಟ್ಕೊಳ್ಳಿ’ ಅಂದ.

ಹೀಗಿದೆ ಪರಿಸ್ಥಿತಿ. ಈಗ ಮಾರಿದರೆ ನಿನಗೇ ನಷ್ಟ, ಸ್ವಲ್ಪ ತಡೆಯುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಅಲ್ಲಿ ಬಿಸಿಲು ಹೇಗಿದೆ? ರಾಗಿ ಹಿಟ್ಟು ಕಳಿಸಲಾ ಎಂದು ಪಿಳ್ಳಮ್ಮ ಕೇಳುತ್ತಾಳೆ. ಅವಳು ಕೇಳಿದ್ದನ್ನು ಬರೆದಿದ್ದೇನೆ, ಉತ್ತರ ಕೊಡಲೇಬೇಕೆಂದಿಲ್ಲ.

ರಾಮಾಂಜಿನಪ್ಪ

*

ಕವಿತಾಳ
26 ನವೆಂಬರ್ 2025

ಶ್ರೀ ರಾಮಾಂಜಿನಪ್ಪನವರಿಗೆ,

ಮೂರ್ತಿಯವರು ಎಕ್ಸ್‌ಟ್ರಾಗಳ ಬಗ್ಗೆ ಹೇಳಿದ್ದು ಸರಿ. ಕ್ಯಾರಿಯರ್, ಗಾರ್ಡು, ಹಾರನ್ನು ಎಲ್ಲ ತೆಗೆಸಿ. ಕಂಪನಿಯಿಂದ ಹೇಗೆ ಬಂತೋ ಹಾಗಿದ್ದರೆ ಕಾರು ಬೇಗ ಹೋಗುತ್ತದೆ.

ವಾರಂಟಿಯ ಬಗ್ಗೆ ಅವರು ಹೇಳಿದ್ದು ತಪ್ಪು. ಅದಕ್ಕೆ ಏನೂ ಆಗಿಲ್ಲ. ಹೇಗೆ ಎಂದು ದಯವಿಟ್ಟು ಕೇಳಬೇಡಿ, ಸರ್ವಿಸಿನವರನ್ನು ವಿಚಾರಿಸಿದರೆ ಅವರೇ ಹೇಳುತ್ತಾರೆ. ಆ ಪೆಡಲನ್ನು ಬಿಚ್ಚಿಸಿಬಿಡಿ. ನಾಲ್ಕು ಬೋಲ್ಟು, ಒಂದು ಸ್ಪ್ಯಾನರಿನ ಕೆಲಸ. ಮೆಕ್ಯಾನಿಕ್ ಒಬ್ಬನೇ ಬಿಚ್ಚಲಿ, ನೀವು ಹತ್ತಿರ ನಿಲ್ಲಬೇಕಾಗಿಲ್ಲ.

ತಡೆಯುವುದರಿಂದ ನನಗೆ ಲಾಭವಿಲ್ಲ ಎಂದು ಮೊದಲೇ ಬರೆದಿದ್ದೇನೆ. ಹೀಗೆ ಬರೆಯಿರಿ ಎಂದು ಅನಿಲ್ ಹೇಳಿಕೊಟ್ಟಿದ್ದರೆ ಅದನ್ನೂ ತಿಳಿಸಿ.

ರಾಗಿ ಹಿಟ್ಟು ಇಲ್ಲೂ ಸಿಗುತ್ತದೆ.

ಅರ್ಪಿತ

*

ಕುಂದಾಣ
9 ಡಿಸೆಂಬರ್ 2025

ಅರ್ಪಿತಮ್ಮನಿಗೆ,

ಅನಿಲನಿಗೆ ನಿನ್ನ ಕಾಗದ ಬಂದದ್ದೂ ಗೊತ್ತಿಲ್ಲ. ಅವನು ಏರ್‌ಪೋರ್ಟ್ ಹತ್ತಿರದ ಗೋಡೌನಿನ ಕೆಲಸಕ್ಕೆ ಬೆಳಿಗ್ಗೆ ಹೋದರೆ ಬರುವುದು ಸಾಯಂಕಾಲ. ನಿಮ್ಮಿಬ್ಬರಿಗೆ ಹೊಂದಲಿಲ್ಲ, ಅದರಲ್ಲಿ ನಾನು ಯಾರ ಕಡೆಯೂ ನಿಂತು ಮಾತಾಡುವವನಲ್ಲ. ನನಗೆ ಹೊಂದಿತ್ತು, ಅಷ್ಟು ಮಾತ್ರ ಹೇಳಬಲ್ಲೆ.

ನೀನು ಹೇಳಿದ ಹಾಗೆ ಕ್ಯಾರಿಯರ್ ತೆಗೆಸಿದೆ. ಅದರ ಮೇಲೆ ದ್ರಾಕ್ಷಿ ಕ್ರೇಟು ಕಟ್ಟಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದೆವು. ನೀನು ಕೂತಲ್ಲಿಂದಲೇ ಗವಾಕ್ಷಿ ತೆಗೆದು ಕೈ ಹಾಕಿ ಒಂದು ಗೊಂಚಲು ಎಳೆಯುತ್ತಿದ್ದೆ. ತೂಕದಲ್ಲಿ ಕಡಿಮೆ ಬಂದರೆ ಹಕ್ಕಿ ತಿಂತು ಅನ್ನುತ್ತಿದ್ದೆ. ಕ್ಯಾರಿಯರಿಗೆ ಸೊನ್ನೆ ಎಂದ ಮೂರ್ತಿಗೆ ಇದನ್ನು ಹೇಗೆ ಹೇಳುವುದು. ಗಾರ್ಡೂ ಹೋಯಿತು, ಹಾರನ್ನೂ ಹೋಯಿತು. ಪೆಡಲಿನ ಬೋಲ್ಟು ಮಾತ್ರ ತುಕ್ಕು ಹಿಡಿದಿದೆ, ಸದ್ಯಕ್ಕೆ ಬರುತ್ತಿಲ್ಲ.

ಮೊನ್ನೆ ನಾವು ಕಲಿತ ಲೇಔಟಿನ ಕಡೆ ನಡೆದುಕೊಂಡು ಹೋಗಿದ್ದೆ. ಆಗ ಅಲ್ಲಿ ರಸ್ತೆ, ಕರೆಂಟು ಕಂಬ, ಪಾರ್ಕಿನ ಬೋರ್ಡು ಎಲ್ಲ ಇತ್ತು, ಒಂದು ಮನೆಯೂ ಇರಲಿಲ್ಲ. ನಮ್ಮಿಬ್ಬರಿಗೇ ಎಂದು ಯಾರೋ ಊರು ಮಾಡಿ ಬಿಟ್ಟುಹೋದ ಹಾಗಿತ್ತು. ಈಗ ಎರಡು ಮನೆ ಎದ್ದಿವೆ. ‘ಕ್ಲಚ್ಚು ನಿಧಾನ ಬಿಡಿ ಮಾವ, ಕರುವಿನ ಹಗ್ಗ ಬಿಟ್ಟಂಗೆ ಬಿಡಿ’ ಅಂತ ನೀನು ಹೇಳುತ್ತಿದ್ದ ತಿರುವಿನಲ್ಲಿ ಯಾರದೋ ಗೃಹಪ್ರವೇಶದ ಚಪ್ಪರ ಹಾಕಿದ್ದರು. ಸ್ವಲ್ಪ ಹೊತ್ತು ನಿಂತು ವಾಪಸು ಬಂದೆ.

ಆವತಿಯ ಇಳಿಜಾರು ನೆನಪಿದೆಯಾ? ಬೆಟ್ಟದ ಮಗ್ಗುಲಿನ ತಿರುವಿನಲ್ಲಿ ಕುರಿಮಂದೆ ಅಡ್ಡ ಬಂತು. ನನಗೆ ಕಣ್ಣು ಕತ್ತಲಿಟ್ಟಿತು, ಏನು ಮಾಡಿದೆನೋ ತಿಳಿಯದು. ಕಾರು ನಿಂತಿತ್ತು. ನಿನ್ನ ಕಡೆ ನೋಡಿದರೆ ನಿನ್ನ ಕಾಲು ಆ ಬ್ರೇಕನ್ನು ಅಷ್ಟು ಗಟ್ಟಿಯಾಗಿ ಒತ್ತಿ ಹಿಡಿದಿತ್ತು. ಒಂದು ಮರಿ ಬಂಪರನ್ನು ಮೂಸಿ ನೋಡಿ ಹೋಯಿತು. ‘ಉಳಿಸ್ಬಿಟ್ಟೆ ಕಣಮ್ಮಣ್ಣಿ’ ಅಂದೆ. ನೀನು ಏನೂ ಹೇಳಲಿಲ್ಲ.

ಆ ಆವತಿಯಿಂದಲೇ ಕೆಂಪರಾಜು ಎನ್ನುವವರು ಮಗಳು ಹರ್ಷಿತಳನ್ನು ಕರೆದುಕೊಂಡು ಕಾರು ನೋಡಲು ಬಂದಿದ್ದರು. ಮೂರ್ತಿಯೇ ಕಳಿಸಿದ್ದು. ವಾರಂಟಿ ಹೆಸರು ಬದಲಾಗುತ್ತದಾ ಎಂದು ಹುಡುಗಿಯೇ ಕೇಳಿದಳು, ಚುರುಕು. ‘ಒಂದ್ ರೌಂಡ್ ನೀವೇ ಓಡ್ಸಿ ತೋರ್ಸಿ ಯಜಮಾನ್ರೇ, ಗಾಡಿ ಸದ್ದು ಕೇಳ್ಬೇಕು’ ಅಂದರು ಕೆಂಪರಾಜು. ಬ್ಯಾಟರಿ ಡೌನ್ ಆಗಿದೆ, ಇನ್ನೊಂದು ದಿನ ಬನ್ನಿ ಎಂದು ಕಳಿಸಿದೆ.

ರಾಮಾಂಜಿನಪ್ಪ

*

ಕವಿತಾಳ
18 ಡಿಸೆಂಬರ್ 2025

ರಾಮಾಂಜಿನಪ್ಪನವರಿಗೆ,

ನಮ್ಮಪ್ಪ ಮೂರ್ತಿಗೆ ಫೋನು ಮಾಡಿದ್ದರು. ಬ್ಯಾಟರಿ ಸರಿಯಾಗಿದೆಯಂತೆ, ಮೂರ್ತಿಯ ಎದುರಿಗೇ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತಂತೆ. ಟೈರು ನಿಂತಲ್ಲೇ ನಿಂತು ಚಪ್ಪಟೆಯಾಗಿವೆಯಂತೆ. ಬೋಲ್ಟಿಗೆ ತುಕ್ಕು ಎಂದು ಬರೆದಿದ್ದೀರಿ. ತುಕ್ಕು ಹಿಡಿಯದ ಬೋಲ್ಟೇ ಬೇಕೆಂದು ಕೇಳಿ ಹಾಕಿಸಿದವಳು ನಾನು.

ಇನ್ನು ಮುಚ್ಚುಮರೆ ಯಾಕೆ. ವಾರಂಟಿ ಮುಗಿಯುವವರೆಗೆ ಎಳೆದು, ಕಾರಿಗೆ ಬೆಲೆಯೇ ಇಲ್ಲ ಎಂದು ಹೇಳಿ, ಕೊನೆಗೆ ಮನೆಯಲ್ಲೇ ಉಳಿಸಿಕೊಳ್ಳುವ ಲೆಕ್ಕ ಎಂದು ನಮ್ಮಪ್ಪ ಹೇಳುತ್ತಾರೆ. ನಾನು ಒಪ್ಪಿರಲಿಲ್ಲ. ಆ ಮನೆಯಲ್ಲಿ ಯಾರನ್ನು ಬೇಕಾದರೂ ಅನುಮಾನಿಸುತ್ತೇನೆ, ನಿಮ್ಮನ್ನಲ್ಲ ಎಂದು ಜಗಳ ಮಾಡಿದ್ದೆ. ಈಗ ಆ ಜಗಳದಲ್ಲಿ ಸೋತಿದ್ದೇನೆ.

ಹೋದ ವಾರ ಒಂದು ಹಳ್ಳಿಯಿಂದ ಕರೆ ಬಂತು, ಹಸುವಿಗೆ ಕರು ಅಡ್ಡ ಸಿಕ್ಕಿಕೊಂಡಿತ್ತು. ಬಸ್ಸಿರಲಿಲ್ಲ. ಯಾರದೋ ಬೈಕಿನ ಹಿಂದೆ ಕೂತು ಹೋಗುವಷ್ಟರಲ್ಲಿ ಹಸು ತೀರಿಕೊಂಡಿತ್ತು. ‘ಜಲ್ದಿ ಬಂದಿದ್ರ ಉಳೀತಿತ್ತೇನ್ರಿ ಮೇಡಂ?’ ಎಂದು ಆ ಮನೆಯ ಹೆಂಗಸು ಕೇಳಿದಳು. ಹೌದು ಎನ್ನಬೇಕಾಯಿತು. ಅಲ್ಲಿ ನಿಮ್ಮ ಶೆಡ್ಡಿನಲ್ಲಿ ಒಂದು ಕಾರು ಸುಮ್ಮನೆ ನಿಂತಿದೆ.

ಸಂಕ್ರಾಂತಿಯವರೆಗೆ ನೋಡುತ್ತೇನೆ. ಆಮೇಲೆ ನಮ್ಮಪ್ಪ ಜನ ಕರೆದುಕೊಂಡು ಬರುತ್ತಾರೆ, ನಾನು ತಡೆಯುವುದಿಲ್ಲ.

ಅರ್ಪಿತ

*

ಕುಂದಾಣ
30 ಡಿಸೆಂಬರ್ 2025

ಅರ್ಪಿತ,

ಹಸುವಿನ ವಿಷಯ ಓದಿದೆ. ಹಾಲಿನ ಡೈರಿಯಲ್ಲಿ ಬಾಳಿದವನಿಗೆ ಒಂದು ಹಸು ಹೋಗುವುದೆಂದರೆ ಏನೆಂದು ಗೊತ್ತು. ನಿನ್ನಪ್ಪ ಹೇಳಿದ್ದು ನಿಜವಲ್ಲ, ಆದರೆ ನಾನು ಬರೆದದ್ದೂ ನಿಜವಲ್ಲ. ಬ್ಯಾಟರಿ ಚೆನ್ನಾಗಿದೆ. ಬೋಲ್ಟಿಗೆ ನಾನು ಸ್ಪ್ಯಾನರ್ ಹಾಕಿಯೇ ಇಲ್ಲ.

ನೀನು ಹೋದಾಗಿನಿಂದ ನಾನು ಕಾರು ಓಡಿಸಿಲ್ಲ. ಕೂತುಕೊಳ್ಳುತ್ತೇನೆ, ಸ್ಟಾರ್ಟ್ ಮಾಡುತ್ತೇನೆ, ಮೊದಲನೇ ಗಿಯರಿಗೆ ಹಾಕುತ್ತೇನೆ. ಅಷ್ಟರಲ್ಲಿ ಕಣ್ಣು ಎಡಗಡೆಗೆ ಹೋಗುತ್ತದೆ. ಅಲ್ಲಿ ಬ್ರೇಕಿನ ಮೇಲೆ ಯಾರ ಕಾಲೂ ಇಲ್ಲ. ಆಫ್ ಮಾಡಿ ಇಳಿದುಬಿಡುತ್ತೇನೆ. ಅನಿಲ ಆಗೊಮ್ಮೆ ಈಗೊಮ್ಮೆ ಅದೇ ಶೆಡ್ಡಿನಲ್ಲಿ ಹಿಂದೆ ಮುಂದೆ ಮಾಡುತ್ತಿದ್ದ. ‘ನಾನೇ ಮೂರ್ತಿ ಹತ್ರ ಬಿಟ್ಟು ಬರ್ತೀನಿ ಬಿಡಪ್ಪ’ ಅಂದ. ಬೇಡ ಎಂದೆ. ಅದು ಅವನ ಕೈಯಲ್ಲಿ ಹೋದರೆ ನಾನು ಯಾವತ್ತೂ ಕಲಿಯಲೇ ಇಲ್ಲ ಎಂದ ಹಾಗೆ. ಒಂದು ಸಲ ನಾನೇ ಓಡಿಸಿಕೊಂಡು ಹೋಗಿ ಕೊಡಬೇಕು ಎಂಬ ಹಟದಲ್ಲಿ ನಿನ್ನ ಕೆಲಸ ಕೆಡಿಸಿದೆ.

ಪಿಳ್ಳಮ್ಮ ಆ ಸೀಟಿನಲ್ಲಿ ಕೂತರೆ ಕಾಲನ್ನು ಮೇಲೆ ಮಡಚಿಕೊಂಡೇ ಕೂರುತ್ತಾಳೆ, ಅಪ್ಪಿತಪ್ಪಿ ತುಳಿದರೆ ಕಾರು ಮಗುಚಿಕೊಂಡೀತು ಎಂದು. ಮನೆಯಲ್ಲಿ ಅದನ್ನು ಯಾರೂ ಮುಟ್ಟದ ಹಾಗೆ ನೋಡಿಕೊಂಡಿದ್ದೇನೆ. ಅದು ನಿನ್ನ ಜಾಗ ಎಂದು.

ಇದರ ಜೊತೆ ಮಾರಾಟದ ಫಾರಂ ಇಟ್ಟಿದ್ದೇನೆ, ಸಹಿ ಹಾಕಿದೆ. ನೀನು ಮೂರ್ತಿಗೆ ತಲುಪಿಸು, ಅವನು ಡ್ರೈವರ್ ಕಳಿಸಿ ತೆಗೆದುಕೊಂಡು ಹೋಗಲಿ.

ರಾಮಾಂಜಿನಪ್ಪ

*

ಕವಿತಾಳ
9 ಜನವರಿ 2026

ಮಾವ,

ಇನ್ನೊಂದು ಹಾಳೆ ಹಾಳು ಮಾಡುವುದಿಲ್ಲ, ಹೀಗೇ ಬರೆಯುತ್ತೇನೆ. ಅಪ್ಪನಿಗೆ ಸಿಟ್ಟು ಬಂದರೆ ಬರಲಿ.

ಫಾರಂ ವಾಪಸು ಕಳಿಸಿದ್ದೇನೆ. ಡ್ರೈವರಿಗೆ ಕೀ ಕೊಡಬೇಡಿ. ಮೊದಲು ಹುಳುಮನೆಗೆ ಹೋಗಿ, ಎಡಗಡೆ ಬಾಗಿಲು ತೆಗೆದು, ಆ ಬ್ರೇಕನ್ನು ಕೈಯಿಂದ ಒತ್ತಿ ನೋಡಿ. ಆಮೇಲೆ ಮುಂದೆ ಓದಿ.

ಅದು ಗಟ್ಟಿಯಾಗಿಲ್ಲ, ಅಲ್ಲವಾ? ಸುಮ್ಮನೆ ಒಳಗೆ ಹೋಗಿ ಸುಮ್ಮನೆ ವಾಪಸು ಬರುತ್ತದೆ. ಅದಕ್ಕೂ ಕಾರಿನ ಬ್ರೇಕಿಗೂ ಯಾವ ಸಂಬಂಧವೂ ಇಲ್ಲ. ಮೊದಲನೇ ಸರ್ವಿಸಿಗೆ ಹೋದ ದಿನದಿಂದ ಇಲ್ಲ.

ಅವತ್ತು ಸರ್ವಿಸಿನವರು ಅದನ್ನು ನೋಡಿ ಮೂರ್ತಿ ಹೇಳಿದ್ದನ್ನೇ ಹೇಳಿದರು: ಬ್ರೇಕಿಗೆ ಕೇಬಲ್ ಕೊಟ್ಟಿದ್ದೀರಿ, ಹೀಗಿದ್ದರೆ ವಾರಂಟಿ ನಡೆಯುವುದಿಲ್ಲ. ನೀವು ಹೊರಗೆ ಟೀ ಕುಡಿಯುತ್ತಿದ್ದಿರಿ. ನಾನು ಅಲ್ಲೇ ಕೇಬಲ್ ತೆಗೆಸಿ, ಬ್ರೇಕನ್ನು ಪರೀಕ್ಷೆ ಮಾಡಿಸಿ, ಏನೂ ಜೋಡಿಸಿಲ್ಲ ಎಂದು ಅವರ ಕಂಪ್ಯೂಟರಿನಲ್ಲಿ ಬರೆಸಿದೆ. ಪೆಡಲನ್ನೂ ತೆಗೆಸುವವಳಿದ್ದೆ. ಅಷ್ಟರಲ್ಲಿ ನೀವು ಬಂದು ಕಾರಿನಲ್ಲಿ ಕೂತು, ಸ್ಟಾರ್ಟ್ ಮಾಡುವ ಮೊದಲು ಕೇಳಿದಿರಿ: ‘ಅಮ್ಮಣ್ಣಿ, ನಿನ್ನ ಬ್ರೇಕ್ ಐತಲ್ಲ?’ ಇದೆ ಮಾವ ಅಂದೆ. ಅದು ಅಲ್ಲಿ ಇತ್ತು. ಆಮೇಲೆ ಪ್ರತಿ ಸಲವೂ ಅದನ್ನೇ ಕೇಳುತ್ತಿದ್ದಿರಿ, ಪ್ರತಿ ಸಲವೂ ಇದೆ ಅನ್ನುತ್ತಿದ್ದೆ. ನಿಜ ಹೇಳಿದರೆ ಓಡಿಸುವುದನ್ನೇ ಬಿಟ್ಟುಬಿಡುತ್ತೀರಿ ಎಂಬ ಭಯ ನನಗೆ.

ಮಾವ, ಸರ್ವಿಸ್ ಆದದ್ದು ನೀವು ಕಲಿಯಲು ಶುರು ಮಾಡಿದ ತಿಂಗಳಲ್ಲೇ. ಆ ಖಾಲಿ ಲೇಔಟು, ದೇವನಹಳ್ಳಿ ಸಂತೆ, ದ್ರಾಕ್ಷಿ ಮಾರ್ಕೆಟ್ಟು, ಲೈಸೆನ್ಸ್ ಟೆಸ್ಟು, ಅತ್ತೆಯ ಕಣ್ಣಿನ ಆಪರೇಷನ್ನಿಗೆ ಮಳೆಯಲ್ಲಿ ಹೋದದ್ದು, ಎಲ್ಲವೂ ಒಂದೇ ಬ್ರೇಕಿನಲ್ಲಿ. ಅದು ನಿಮ್ಮ ಕಾಲಿನ ಕೆಳಗಿತ್ತು.

ಆವತಿಯ ತಿರುವಿನಲ್ಲಿ ಕುರಿ ಬಂದಾಗ ನಾನು ಒತ್ತಿದ್ದು ನಿಜ. ಏನೂ ಇಲ್ಲದ ಪೆಡಲನ್ನು ಪ್ರಾಣಭಯದಲ್ಲಿ ಒತ್ತಿದೆ. ಕಾರು ನಿಲ್ಲಿಸಿದ್ದು ನೀವು. ನೀವು ‘ಉಳಿಸ್ಬಿಟ್ಟೆ’ ಅಂದಾಗ ನನಗೆ ಮಾತು ಹೊರಡದಿದ್ದುದು ಅದಕ್ಕೇ.

ಕಾರಿನ ವಾರಂಟಿ ಹಾಗೇ ಇದೆ. ಕೆಂಪರಾಜು ಅವರಿಗೆ ಹೇಳಿ. ನೀವೇ ಓಡಿಸಿಕೊಂಡು ಹೋಗಿ ತೋರಿಸಿ.

ಅರ್ಪಿತ

*

ಕುಂದಾಣ
21 ಜನವರಿ 2026

ಅರ್ಪಿತ,

ಒತ್ತಿ ನೋಡಿದೆ. ನೀನು ಬರೆದ ಹಾಗೇ ಇದೆ.

ನಿನ್ನ ಮೇಲೆ ಕೋಪ ಬಂದಿದೆ. ಇಷ್ಟು ವರ್ಷ ನನ್ನ ಪ್ರಾಣ ನಿನ್ನ ಕಾಲಲ್ಲಿದೆ ಎಂದು ನಂಬಿಸಿದೆಯಲ್ಲ. ಸದ್ಯಕ್ಕೆ ಇನ್ನೇನೂ ಬರೆಯಲಾರೆ.

ರಾಮಾಂಜಿನಪ್ಪ

*

ಕವಿತಾಳ
1 ಫೆಬ್ರವರಿ 2026

ಮಾವ,

ಕೋಪ ಮಾಡಿಕೊಳ್ಳಿ, ಅದಕ್ಕೆ ಕಾರಣ ಇದೆ. ಕಾರು ಯಾವಾಗ ಮಾರಿದರೂ ಆಗಬಹುದು, ಜನ ಯಾರೂ ಬರುವುದಿಲ್ಲ, ಅಪ್ಪನಿಗೆ ಹೇಳಿದ್ದೇನೆ. ಜೀಪಿಗೆ ಬ್ಯಾಂಕಿನಲ್ಲಿ ಕೇಳಿದ್ದೇನೆ.

ಒಂದು ಮಾತು ಉಳಿದಿತ್ತು. ಹಿರಿಯರ ಮುಂದೆ ಆ ಕಾರು ನನಗೆ ಬೇಡ ಎಂದಾಗ, ಅನಿಲನ ಮೇಲಿನ ಸಿಟ್ಟಿಗೆ ಹಾಗೆ ಹೇಳಿದಳು ಎಂದು ಎಲ್ಲರೂ ತಿಳಿದರು. ಅನಿಲ ಆ ಕಾರಿನಲ್ಲಿ ನನ್ನ ಜೊತೆ ಕೂತದ್ದೇ ಅಪರೂಪ. ಅದನ್ನು ತಂದುಕೊಂಡರೆ ನಾನು ಬಲಗಡೆ ಕೂರಬೇಕಾಗುತ್ತಿತ್ತು. ನನಗೆ ಅದರಲ್ಲಿ ಎಡಗಡೆ ಕೂತೇ ಅಭ್ಯಾಸ. ಬಲಗಡೆಯಿಂದ ನೀವು ಗಿಯರ್ ಬದಲಿಸುವಾಗಲೆಲ್ಲ ‘ಹೋಗ್ಲಾ?’ ಎಂದು ಕೇಳದ ಕಾರು ನನಗೆ ಬೇಡವಾಗಿತ್ತು.

ರಾಗಿ ಹಿಟ್ಟು ಇಲ್ಲಿ ಸಿಗುವುದಿಲ್ಲ. ಸುಳ್ಳು ಬರೆದಿದ್ದೆ. ಅತ್ತೆಗೆ ಹೇಳಿ.

ಅರ್ಪಿತ

*

ಕುಂದಾಣ
28 ಫೆಬ್ರವರಿ 2026

ಅಮ್ಮಣ್ಣಿ,

ಕಾರು ಮಾರಿದೆ. ಹಣ ನಿನ್ನ ಖಾತೆಗೆ ಬಂದಿರಬೇಕು, ನೋಡಿಕೋ. ಮೂರ್ತಿ ಮೊದಲು ಹೇಳಿದ್ದಕ್ಕಿಂತ ಅರವತ್ತು ಸಾವಿರ ಹೆಚ್ಚು. ಹೇಗೆ ಎಂದು ಹೇಳುತ್ತೇನೆ, ಆದರೆ ಮೊದಲು ಓಡಿಸಿದ್ದನ್ನು ಹೇಳಬೇಕು, ಇಲ್ಲದಿದ್ದರೆ ನನಗೆ ತಡೆಯುವುದಿಲ್ಲ.

ಕೋಪ ಎಷ್ಟು ದಿನ ಇರುತ್ತೆ. ಒಂದು ಬೆಳಿಗ್ಗೆ ಹುಳುಮನೆಗೆ ಹೋಗಿ ಕೂತೆ, ಮೊದಲನೇ ಗಿಯರಿಗೆ ಹಾಕಿದೆ, ಎಡಗಡೆ ನೋಡಿದೆ. ಯಾರೂ ಇರಲಿಲ್ಲ. ಆಗ ನನಗೇ ನಗು ಬಂತು. ಮೊದಲೂ ಆ ಬ್ರೇಕು ಹಿಡಿಯುವವರು ಯಾರೂ ಇರಲಿಲ್ಲವಲ್ಲ. ಲೇಔಟಿಗೆ ಹೋದೆ, ಎರಡು ಸುತ್ತು ಹಾಕಿದೆ. ಮಾರನೇ ದಿನ ಕುಂದಾಣದ ಬಸ್ ಸ್ಟಾಪಿನ ಮುಂದೆಯೇ ಹೋದೆ. ಜನ ನೋಡಿದರು, ನಾನು ಅವರನ್ನು ನೋಡಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಅರಿಶಿನಕುಂಟೆಗೆ ಹೊರಟೆ. ‘ನಾನೂ ಬರ್ತೀನಿ, ನಮ್ಮನೆ ಕಾರನ್ನ ಕಳಿಸ್ಕೊಡಾಕೆ’ ಎಂದು ಪಿಳ್ಳಮ್ಮ ಹಟ ಹಿಡಿದಳು. ಮುಂದೆ ಕೂತು ಎಂದಿನಂತೆ ಕಾಲು ಮೇಲೆ ಮಡಚಿದಳು. ‘ಕಾಲು ಕೆಳಗೆ ಬುಡು, ಆ ಬ್ರೇಕು ನಿಂದೇ. ನಂಗೇನಾದ್ರೂ ಕೈ ತಪ್ಪಿದ್ರೆ ತುಳಿ’ ಅಂದೆ. ಅಮ್ಮಣ್ಣಿ, ಅವಳ ಮುಖ ನೀನು ನೋಡಬೇಕಿತ್ತು. ಚಪ್ಪಲಿ ತೆಗೆದು, ಸೆರಗು ಸಿಕ್ಕಿಸಿಕೊಂಡು, ಎರಡೂ ಕಾಲು ಅದರ ಮೇಲಿಟ್ಟುಕೊಂಡು ಕೂತಳು. ದೊಡ್ಡಬಳ್ಳಾಪುರ ದಾಟುವವರೆಗೆ ರಸ್ತೆಯ ಪ್ರತಿ ಉಬ್ಬಿಗೂ ತುಳಿದಳು, ಎದುರು ಬಂದ ಪ್ರತಿ ಬಸ್ಸಿಗೂ ತುಳಿದಳು. ನಿಜವಾದ ಬ್ರೇಕಾಗಿದ್ದರೆ ನಾವು ಇನ್ನೂ ಕುಂದಾಣದಲ್ಲೇ ಇರುತ್ತಿದ್ದೆವು.

ನೆಲಮಂಗಲ ಇನ್ನೇನು ಬಂತು ಎನ್ನುವಾಗ ಮುಂದಿದ್ದ ಲಾರಿ ಗಕ್ಕನೆ ನಿಂತಿತು. ನಾನೂ ಒತ್ತಿದೆ, ಅವಳೂ ಒತ್ತಿದಳು. ಕಾರು ಲಾರಿಗೆ ಒಂದು ಮೊಳ ಹಿಂದೆ ನಿಂತಿತು. ಪಿಳ್ಳಮ್ಮ ಉಸಿರು ಬಿಟ್ಟು ನನ್ನ ಕಡೆ ತಿರುಗಿ, ‘ನೋಡ್ದಾ, ನಾನಿಲ್ದಿದ್ರೆ ಏನಾಗ್ತಿತ್ತು?’ ಅಂದಳು.

ನಾನು ಏನೂ ಹೇಳಲಿಲ್ಲ. ಆವತಿಯ ತಿರುವಿನಲ್ಲಿ ನೀನು ಯಾಕೆ ಸುಮ್ಮನಿದ್ದೆ ಎಂದು ಆಗ ಅರ್ಥವಾಯಿತು, ನಿನ್ನ ಮೇಲೆ ಉಳಿದಿದ್ದ ಕೋಪವೂ ಅಲ್ಲೇ ಮುಗಿಯಿತು.

ಅರಿಶಿನಕುಂಟೆಯಲ್ಲಿ ಕೆಂಪರಾಜು ಅಪ್ಪ ಮಗಳು ಕಾಯುತ್ತಿದ್ದರು. ಸರ್ವಿಸಿನವರ ಕಂಪ್ಯೂಟರಿನಲ್ಲಿ ನೀನು ಬರೆಸಿದ್ದು ಹಾಗೇ ಇತ್ತು, ವಾರಂಟಿ ಹರ್ಷಿತಳ ಹೆಸರಿಗೆ ಆಯಿತು. ಅದನ್ನು ನೋಡಿದ ಮೇಲೆ ಮೂರ್ತಿ ಮಾತಿಲ್ಲದೆ ಬೆಲೆ ಏರಿಸಿದ. ಗವಾಕ್ಷಿಗೂ ಒಂದಿಷ್ಟು ಬಂತು. ಪಿಳ್ಳಮ್ಮನನ್ನು ಎದುರಿನ ಹೋಟೆಲಿಗೆ ಕಾಫಿಗೆ ಕಳಿಸಿ, ಆ ಹೊತ್ತಿನಲ್ಲಿ ಪೆಡಲು ಬಿಚ್ಚಿಸಿದೆ. ತೂತುಗಳನ್ನು ಮುಚ್ಚಿ ಮೇಲೆ ಮ್ಯಾಟು ಹಾಕಿದರು. ಹರ್ಷಿತ ಬಲಗಡೆ ಕೂತು ಕಾರು ತೆಗೆದುಕೊಂಡು ಹೋದಳು. ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆವು. ಪಿಳ್ಳಮ್ಮ ಅತ್ತಳು. ನಾನೂ ಅತ್ತೆ, ಬರೆಯುವುದಕ್ಕೆ ನಾಚಿಕೆಯೇನಿಲ್ಲ.

ಬಸ್ಸಿನಲ್ಲಿ ವಾಪಸು ಬಂದೆವು. ವಾರ ಕಳೆಯುವಷ್ಟರಲ್ಲಿ ಮೂರ್ತಿಗೆ ಹೇಳಿ ಒಂದು ಹಳೇ ವ್ಯಾನು ತೆಗೆದುಕೊಂಡೆ, ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೋಗಿಬರಲು. ನಾಲ್ಕನೇ ಮಾಲೀಕ ನಾನು. ವಾರಂಟಿ ಎಂದರೆ ಮೂರ್ತಿ ನಗುತ್ತಾನೆ. ಎಕ್ಸ್‌ಟ್ರಾ ಒಂದೂ ಇರಲಿಲ್ಲ.

ಈಗ ಒಂದಿದೆ. ಆ ಪೆಡಲನ್ನು ಇದರ ಎಡಗಡೆಗೆ ನಾಲ್ಕು ಬೋಲ್ಟು ಹಾಕಿ ಕೂರಿಸಿದ್ದೇನೆ. ಯಾವುದಕ್ಕೂ ಜೋಡಿಸಿಲ್ಲ. ಪಿಳ್ಳಮ್ಮನಿಗೆ ಹೇಳಿಲ್ಲ, ನೀನೂ ಹೇಳಬೇಡ.

ರಾಗಿ ಹಿಟ್ಟು ಪಾರ್ಸೆಲ್ ಮಾಡಿದ್ದೇವೆ, ಜೊತೆಗೆ ಹುರುಳಿ ಕಾಳೂ ಇದೆ. ನಿನ್ನ ಜೀಪು ಬಂದ ಮೇಲೆ ಒಂದು ಸಾಲು ಬರೆ. ನಿಮ್ಮಪ್ಪನ ಮನೆಗೆ ಬಂದಾಗ, ಅವರು ಒಪ್ಪಿದರೆ, ದೇವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿ. ವ್ಯಾನು ತೆಗೆದುಕೊಂಡು ನಾನೇ ಬರುತ್ತೇನೆ. ಎಡಗಡೆ ನಿನ್ನ ಜಾಗ ಹಾಗೇ ಇದೆ. ಈ ಸಲ ಕಾಲು ಚಾಚಿ ಕೂತುಕೋ, ಬ್ರೇಕು ನಾನು ಹಾಕುತ್ತೇನೆ.

ಇಂತಿ,
ಮಾವ